ನಾರ್ವೆಗೆ ಕಡಿಮೆ ಖರ್ಚಿನ ಬಸ್ ಟೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆ ನೋಡಬೇಕು, ಗುಂಪಿನ ಜೊತೆ ಬಸ್ಸಿನಲ್ಲಿ ಹೋಗಬೇಕು, ಖರ್ಚು ಕೈ ಮೀರಬಾರದು. ಹೀಗೆ ಯೋಚಿಸುವವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲೇ ಒಂದು ಮಾತು. ಬ್ರೋಶರ್‌ನಲ್ಲಿ ಎಷ್ಟು ಊರಿನ ಹೆಸರಿದೆ ಎಂದು ಎಣಿಸಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತಾರೆ, ರಾತ್ರಿ ಎಲ್ಲಿ ಮಲಗಿಸುತ್ತಾರೆ, ದೋಣಿ ಮತ್ತು ರೈಲಿನ ಟಿಕೆಟ್ ಸೇರಿದೆಯಾ, ಇದನ್ನು ನೋಡಿ. ಟೂರ್ ಚೆನ್ನಾಗಿರುತ್ತದೋ ಇಲ್ಲವೋ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಒಂದೇ ಜಾಗಗಳ ಹೆಸರಿರುವ ಎರಡು ಟೂರ್‌ಗಳ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ?

ಹೆಚ್ಚಿನ ವ್ಯತ್ಯಾಸ ಇರುವುದು ಹೋಟೆಲ್ ಎಲ್ಲಿದೆ ಎನ್ನುವುದರಲ್ಲಿ. "ಓಸ್ಲೋ ಏರಿಯಾ" ಎಂದು ಬರೆದಿದ್ದರೆ ಅದು ಗಾರ್ಡರ್‌ಮೋಯೆನ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲ್ ಆಗಿರಬಹುದು. ಅದು ನಗರದಿಂದ ಸುಮಾರು 47 ಕಿ.ಮೀ. ದೂರ. "ಬರ್ಗನ್ ಏರಿಯಾ" ಅಂದರೆ ಕೆಲವೊಮ್ಮೆ ವೋಸ್, ಅದು ಪಶ್ಚಿಮ ಕರಾವಳಿಯ ಬರ್ಗನ್ ನಗರದಿಂದ ನೂರು ಕಿ.ಮೀ. ಆಸುಪಾಸು. ಗೈರಾಂಗರ್ ಒಂದು ಪುಟ್ಟ ಹಳ್ಳಿ, "ಗೈರಾಂಗರ್ ಏರಿಯಾ" ಅಂದರೆ ಸ್ಟ್ರೀನ್, ಲೋಯೆನ್, ಓಟ್ಟಾ, ಇವುಗಳಲ್ಲಿ ಯಾವುದಾದರೂ ಆಗಬಹುದು.

ಹೀಗೆ ಹೊರಗೆ ಉಳಿಸುವುದು ಮೋಸವೇನಲ್ಲ. ನಗರದ ನಡುವಿನ ಹೋಟೆಲ್ ದುಬಾರಿ, ಬಸ್ ನಿಲ್ಲಿಸುವುದಕ್ಕೂ ಜಾಗವಿಲ್ಲ. ವೋಸ್, ಲೋಯೆನ್ ಎರಡೂ ಬಹಳ ಚೆಂದದ ಊರುಗಳು. ಲೋಯೆನ್‌ನಲ್ಲಿ ಉಳಿದರೆ ಸಂಜೆ ಊಟ ಮುಗಿಸಿ ನೀರಿನ ದಂಡೆಗೆ ನಡೆದು ಹೋಗಬಹುದು. ಆದರೆ ಓಸ್ಲೋದಲ್ಲಿ ಎರಡು ರಾತ್ರಿ ಎಂದು ಬರೆದು ಎರಡೂ ರಾತ್ರಿ ವಿಮಾನ ನಿಲ್ದಾಣದ ಬಳಿ ಉಳಿಸಿದರೆ ನೀವು ಓಸ್ಲೋದ ಸಂಜೆ ನೋಡುವುದೇ ಇಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಪ್ರತಿ ರಾತ್ರಿಯ ಊರು ಮತ್ತು ಹೋಟೆಲಿನ ಹೆಸರನ್ನು ಬರಹದಲ್ಲಿ ಕೇಳಿ. ಹೆಸರು ಕೊಡಲು ಆಗದಿದ್ದರೆ ಊರಾದರೂ ಹೇಳಲಿ.

ಅಗ್ಗದ ವಿಮಾನದಲ್ಲಿ ಓಸ್ಲೋಗೆ ಬರುವವರು ಇನ್ನೊಂದು ವಿಷಯ ಗಮನಿಸಬೇಕು. ಟಿಕೆಟ್‌ನಲ್ಲಿ "ಓಸ್ಲೋ ಟಾರ್ಪ್" ಎಂದಿದ್ದರೆ ಅದು ನಗರದಿಂದ 110 ಕಿ.ಮೀ. ಆಚೆಗಿನ ನಿಲ್ದಾಣ.

ಬ್ರೋಶರ್‌ನ ಬೆಲೆಯಲ್ಲಿ ಸಾಮಾನ್ಯವಾಗಿ ಏನು ಸೇರಿರುವುದಿಲ್ಲ?

ಮಧ್ಯಾಹ್ನದ ಊಟ, ಬೆಟ್ಟ ಏರುವ ಫ್ಲೋಮ್ ರೈಲು, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಿರಿದಾದ ಸಮುದ್ರದ ಕವಲು) ದೋಣಿ, ಬರ್ಗನ್‌ನ ಫ್ಲೋಯೆನ್ ಬೆಟ್ಟಕ್ಕೆ ಹೋಗುವ ಹಗ್ಗದ ರೈಲು, ಮ್ಯೂಸಿಯಂಗಳ ಒಳಗಿನ ಪ್ರವೇಶ. ಇವನ್ನೆಲ್ಲ "ಐಚ್ಛಿಕ" ಎಂದು ಬರೆದು ಆಮೇಲೆ ಬಸ್ಸಿನಲ್ಲಿ ದುಡ್ಡು ಕೇಳುತ್ತಾರೆ. ವೀಸಾ, ವಿಮೆ, ಕೆಲವು ಕಡೆ ದಿನದ ಲೆಕ್ಕದ ಟಿಪ್ಸ್ ಕೂಡ ಬೇರೆ. ಬ್ರೋಶರ್‌ನ ಬೆಲೆಗೆ ಇವನ್ನೆಲ್ಲ ಕೂಡಿಸಿ ಆಮೇಲೆ ಎರಡು ಟೂರ್‌ಗಳನ್ನು ಹೋಲಿಸಿ. ಎಷ್ಟೋ ಸಲ ದುಬಾರಿ ಎನಿಸಿದ್ದೇ ಕಡಿಮೆಗೆ ಬೀಳುತ್ತದೆ.

ದಿನಕ್ಕೆ ಎಷ್ಟು ಕಿಲೋಮೀಟರ್ ಇದ್ದರೆ ಸರಿ?

250ರ ಒಳಗಿದ್ದರೆ ಆರಾಮ. 350 ದಾಟಿದರೆ ಯೋಚಿಸಿ. 450 ಇದ್ದರೆ ಆ ದಿನ ಬೇರೇನೂ ಆಗುವುದಿಲ್ಲ ಎಂದೇ ತಿಳಿಯಿರಿ. ನಮ್ಮ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯ ಲೆಕ್ಕ ಇಲ್ಲಿ ಹಾಕಬೇಡಿ. ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 80 ಕಿ.ಮೀ. ತಿರುವು, ಸುರಂಗ, ನಡುವೆ ದೋಣಿ ದಾಟುವುದು, ಇವೆಲ್ಲ ಸೇರಿದರೆ ಸರಾಸರಿ ಇನ್ನೂ ಕಡಿಮೆ. ಓಸ್ಲೋದಿಂದ ಬರ್ಗನ್ ಸುಮಾರು 460 ಕಿ.ಮೀ. ಕಾರಿನಲ್ಲೇ ಏಳು ಗಂಟೆ ಬೇಕು.

ಇದರ ಜೊತೆ ಚಾಲಕರ ನಿಯಮವಿದೆ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಚಾಲನೆಯ ಅವಧಿಯ ವಿಷಯದಲ್ಲಿ ಒಕ್ಕೂಟದ ನಿಯಮವೇ ನಡೆಯುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಒಟ್ಟು 45 ನಿಮಿಷ ಬಿಡುವು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಚಾಲನೆ. ರಾತ್ರಿ 11 ಗಂಟೆ ವಿಶ್ರಾಂತಿ, ವಾರದಲ್ಲಿ ಕೆಲವು ದಿನ ಮಾತ್ರ ಅದನ್ನು 9ಕ್ಕೆ ಇಳಿಸಬಹುದು. ಬಸ್ಸಿನಲ್ಲಿರುವ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ. ರಸ್ತೆಯಲ್ಲಿ ತಪಾಸಣೆಯೂ ನಡೆಯುತ್ತದೆ.

ಈ ನಿಯಮ ಗೊತ್ತಿದ್ದರೆ ಟೂರ್‌ನಲ್ಲಿ ಅರ್ಧ ಜಗಳ ಇರುವುದಿಲ್ಲ. "ಇನ್ನೊಂದು ಹತ್ತು ನಿಮಿಷ ನಿಲ್ಲಿಸಿ" ಎಂದಾಗ ಚಾಲಕ ಆಗಲ್ಲ ಎಂದು ತಲೆಯಾಡಿಸಿದರೆ ಅದು ಸೊಕ್ಕಲ್ಲ. ಸಂಜೆ ಹೋಟೆಲ್ ತಲುಪಿದ ಮೇಲೆ "ಸುಮ್ನೆ ಒಂದು ಸುತ್ತು ಹೋಗಿಬರೋಣ" ಎಂದರೆ ಬಸ್ ಬರುವುದಿಲ್ಲ. ಹತ್ತು ಜನ ತಡವಾಗಿ ಬಂದರೆ ಆ ನಿಮಿಷಗಳು ಮುಂದಿನ ಜಲಪಾತದ ಬಳಿಯ ಸಮಯದಿಂದಲೇ ಕಡಿತವಾಗುತ್ತವೆ.

ಇಷ್ಟೆಲ್ಲ ಬಸ್ಸಿನಲ್ಲೇ ಕೂತಿರುವುದಾದರೆ ನೋಡುವುದೇನು?

ಕಿಟಕಿಯ ಆಚೆಗೆ ಕಾಣುವುದೇ ಮುಖ್ಯವಾದ ನೋಟ. ಈ ಮಾತನ್ನು ಒತ್ತಿ ಹೇಳಬೇಕು. ಬೇರೆ ಕೆಲವು ದೇಶಗಳಲ್ಲಿ ಬಸ್ ಎಂದರೆ ಒಂದು ಅರಮನೆಯಿಂದ ಇನ್ನೊಂದಕ್ಕೆ ಹೋಗುವ ಸಾಧನ. ನಾರ್ವೆಯ ಪಶ್ಚಿಮ ಭಾಗದಲ್ಲಿ ರಸ್ತೆಯೇ ನೀರಿನ ಅಂಚಿಗೆ ಅಂಟಿಕೊಂಡು ಹೋಗುತ್ತದೆ. ಹಾರ್ಡಾಂಗರ್ ಫ್ಯೋರ್ಡ್ ದಂಡೆಯ ಸೇಬಿನ ತೋಟಗಳು, ವೋರಿಂಗ್ಸ್‌ಫೋಸೆನ್ ಜಲಪಾತ ಧುಮುಕುವ 182 ಮೀಟರ್ ಕಮರಿ, ಮರ ಒಂದೂ ಬೆಳೆಯದ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿ, ಎಲ್ಲವೂ ಒಂದೇ ದಿನದ ದಾರಿಯಲ್ಲಿ ಸಿಗುತ್ತವೆ. 2013ರಲ್ಲಿ ತೆರೆದ ಹಾರ್ಡಾಂಗರ್ ತೂಗುಸೇತುವೆಯ ಎರಡೂ ತುದಿ ನೇರವಾಗಿ ಸುರಂಗದೊಳಗೆ ಹೋಗುತ್ತವೆ. ಸುರಂಗದ ಒಳಗೇ ವೃತ್ತಾಕಾರದ ಜಂಕ್ಷನ್ ಇದೆ!

ಲಾರ್ಡಾಲ್ ಸುರಂಗದ ಉದ್ದ 24.5 ಕಿ.ಮೀ. 2000ದಲ್ಲಿ ತೆರೆದದ್ದು. ದಾಟಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಒಂದೇ ಥರದ ಗೋಡೆ ನೋಡಿದರೆ ಚಾಲಕರಿಗೆ ಮಂಪರು ಬರುತ್ತದೆ ಎಂದು ನಡುವೆ ಮೂರು ಕಡೆ ದೊಡ್ಡ ಗುಹೆ ಕೊರೆದು ನೀಲಿ ಬೆಳಕು ಹಾಕಿದ್ದಾರೆ.

ಆದ್ದರಿಂದ ಬೆಳಗ್ಗೆ ಬೇಗ ಎಬ್ಬಿಸಿದರೆಂದು ಬಸ್ಸಿನಲ್ಲಿ ನಿದ್ದೆ ಮಾಡಬೇಡಿ. ಅಂತ್ಯಾಕ್ಷರಿ ರಾತ್ರಿಗಿರಲಿ. ಬಸ್ಸಿನ ಒಳಗೆ ದಿನವಿಡೀ ಸಿನಿಮಾ ಹಾಕಿದರೆ ಬೇಡ ಎಂದು ಕೇಳಿಕೊಳ್ಳಲು ನಿಮಗೆ ಹಕ್ಕಿದೆ.

ಯಾವ ತಿಂಗಳು ಒಳ್ಳೆಯದು?

ನನ್ನ ಆಯ್ಕೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ. ಬೆಟ್ಟದ ಹಿಮ ಕರಗಿ ಜಲಪಾತಗಳು ತುಂಬಿ ಹರಿಯುವ ಕಾಲ ಅದು. ಗೈರಾಂಗರ್‌ನ "ಏಳು ಅಕ್ಕತಂಗಿಯರು" ಜಲಪಾತದ ಏಳೂ ಧಾರೆ ಆಗ ಕಾಣುತ್ತವೆ. ಆಗಸ್ಟ್ ಹೊತ್ತಿಗೆ ಕೆಲವು ಧಾರೆ ಬತ್ತಿರಬಹುದು. ಜುಲೈನಲ್ಲಿ ಅಲ್ಲಿನವರಿಗೇ ರಜೆ, ದೊಡ್ಡ ಹಡಗುಗಳೂ ಬರುತ್ತವೆ. ಫ್ಲೋಮ್, ಗೈರಾಂಗರ್ ಎರಡೂ ಪುಟ್ಟ ಹಳ್ಳಿಗಳು, ಅಷ್ಟು ಜನಕ್ಕೆ ಇಕ್ಕಟ್ಟು.

ಆದರೆ ಬೆಟ್ಟದ ಹಲವು ರಸ್ತೆಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ, ಮೇನಲ್ಲಿ ಒಂದೊಂದಾಗಿ ತೆರೆಯುತ್ತವೆ. ಟ್ರೋಲ್‌ಸ್ಟಿಗೆನ್ ನೋಡಲೇಬೇಕು ಎಂದರೆ ಜೂನ್ ಸುರಕ್ಷಿತ. ಅದರ 11 ತಿರುವಿನ ರಸ್ತೆ 1936ರದ್ದು, ಬಂಡೆ ಉರುಳುವುದು ಅಲ್ಲಿ ನಿಜವಾದ ಅಪಾಯ. 2024ರ ಬೇಸಿಗೆಯಲ್ಲಿ ಇದೇ ಕಾರಣಕ್ಕೆ ರಸ್ತೆ ಬಂದ್ ಆಗಿತ್ತು. ಇದೊಂದನ್ನೇ ನಂಬಿ ಟೂರ್ ಆರಿಸಬೇಡಿ.

ಮೇ 17 ಅವರ ಸಂವಿಧಾನ ದಿನ. ಓಸ್ಲೋದ ಮುಖ್ಯ ರಸ್ತೆಗಳಲ್ಲಿ ಮಕ್ಕಳ ಮೆರವಣಿಗೆ, ಹಲವರು ಅವರವರ ಸೀಮೆಯ ಉಡುಪಿನಲ್ಲಿ. ನೋಡಲು ಹಬ್ಬ. ಆದರೆ ಬಸ್ ಒಳಗೆ ಹೋಗುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ.

ಜೂನ್‌ನಲ್ಲಿ ಹೋದರೆ ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಹಸಿರಾಗಿ ಆಡುವ ಅರೋರಾ) ಕಾಣುತ್ತದಾ?

ಇಲ್ಲ. ಆಕಾಶ ಕತ್ತಲಾಗುವುದೇ ಇಲ್ಲ, ಬೆಳಕಿನ ಆಟ ಕಾಣುವುದು ಹೇಗೆ? ಅದಕ್ಕೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಒಳಗೆ, ಉತ್ತರದ ಟ್ರೋಮ್ಸೋ ಕಡೆಗೆ ಹೋಗಬೇಕು. ಬೇಸಿಗೆಯ ಬಸ್ ಟೂರ್ ಮಾರುವಾಗ ಯಾರಾದರೂ ಆ ಫೋಟೋ ತೋರಿಸಿದರೆ ಅವರ ಬೇರೆ ಮಾತುಗಳನ್ನೂ ಎರಡು ಸಲ ಪರೀಕ್ಷಿಸಿ.

ನಡುರಾತ್ರಿಯ ಸೂರ್ಯನಿಗಾಗಿ ನೂರ್‌ಕಾಪ್ ಸೇರಿರುವ ಟೂರ್ ತಗೊಳ್ಳೋಣವಾ?

ದೇಶದ ಉತ್ತರದ ತುದಿಯ ಕಡೆಗಿರುವ ನೂರ್‌ಕಾಪ್‌ನಲ್ಲಿ ಮೇ 14ರಿಂದ ಜುಲೈ 29ರವರೆಗೆ ಸೂರ್ಯ ಮುಳುಗುವುದಿಲ್ಲ. ಸಮುದ್ರದಿಂದ 307 ಮೀಟರ್ ಎತ್ತರದ ಬಂಡೆಯ ಮೇಲೆ ನಿಂತು ಅದನ್ನು ನೋಡುವುದು ದೊಡ್ಡ ಅನುಭವವೇ, ಮೋಡ ಇರದಿದ್ದರೆ. ಆದರೆ ಓಸ್ಲೋದಿಂದ ಅಲ್ಲಿಗೆ ಸುಮಾರು 2000 ಕಿ.ಮೀ. ದಾರಿ. ಎಂಟು ದಿನದ ಬಸ್ ಟೂರ್‌ನಲ್ಲಿ ಫ್ಯೋರ್ಡ್ ಕೂಡ, ನೂರ್‌ಕಾಪ್ ಕೂಡ ಎಂದರೆ ಎರಡೂ ಕೆಡುತ್ತವೆ. ಮೊದಲ ಸಲ ಹೋಗುವವರು ಪಶ್ಚಿಮದ ಫ್ಯೋರ್ಡ್‌ಗಳಷ್ಟನ್ನೇ ಇಟ್ಟುಕೊಳ್ಳಿ. ಅಲ್ಲೂ ಜೂನ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಬೆಳಕಿರುತ್ತದೆ. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಒಯ್ಯಿರಿ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಫ್ಲೋಮ್ ರೈಲಿಗೆ ಅಷ್ಟು ದುಡ್ಡು ಕೊಡಬೇಕಾ?

20 ಕಿ.ಮೀ. ದಾರಿ, ಸುಮಾರು ಒಂದು ಗಂಟೆ. ನೀರಿನ ಮಟ್ಟದಿಂದ 867 ಮೀಟರ್ ಎತ್ತರದ ಮೀರ್ಡಾಲ್‌ಗೆ ಏರುತ್ತದೆ, 20 ಸುರಂಗ ದಾಟುತ್ತದೆ. ಶೋಸ್‌ಫೋಸೆನ್ ಜಲಪಾತದ ಬಳಿ ಇಳಿಸಿ ಫೋಟೋಗೆ ಸಮಯ ಕೊಡುತ್ತಾರೆ. ರೈಲು ಇಷ್ಟಪಡುವವರಿಗೆ ಖಂಡಿತ ಹೇಳುತ್ತೇನೆ, ಹೋಗಿ. ಆದರೆ ರೈಲು ಅಥವಾ ಫ್ಯೋರ್ಡ್ ದೋಣಿ, ಎರಡರಲ್ಲಿ ಒಂದಕ್ಕೇ ದುಡ್ಡಿದೆ ಎಂದರೆ ನಾನು ದೋಣಿಯನ್ನೇ ಆರಿಸುತ್ತೇನೆ.

ಯಾವ ಫ್ಯೋರ್ಡ್ ದೋಣಿ?

ಗುಡ್‌ವಾಂಗನ್‌ನಿಂದ ಫ್ಲೋಮ್‌ಗೆ ನೆರೊಯ್ ಫ್ಯೋರ್ಡ್ ದಾರಿ, ಸುಮಾರು ಎರಡು ಗಂಟೆ. ಅಥವಾ ಗೈರಾಂಗರ್‌ನಿಂದ ಹೆಲೆಸಿಲ್ಟ್‌ಗೆ, ಒಂದು ಗಂಟೆಗಿಂತ ಚೂರು ಜಾಸ್ತಿ. ಈ ಎರಡೂ ಫ್ಯೋರ್ಡ್‌ಗಳು 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೆರೊಯ್ ಒಂದು ಕಡೆ ಬರೀ 250 ಮೀಟರ್ ಅಗಲ, ಎರಡೂ ಬದಿಗೆ ಸಾವಿರ ಮೀಟರ್ ಮೀರಿದ ಬೆಟ್ಟಗಳು. ಅಲ್ಲಿ 2018ರಿಂದ ಪೂರ್ತಿ ಬ್ಯಾಟರಿಯಲ್ಲಿ ಓಡುವ ದೋಣಿ ಇದೆ. ಎಂಜಿನ್ ಸದ್ದಿಲ್ಲದೆ ಜಲಪಾತದ ಸದ್ದು ಮಾತ್ರ ಕೇಳುತ್ತಾ ಹೋಗುವುದು ಬೇರೆಯದೇ ಅನುಭವ. ಸಾಧ್ಯವಾದರೆ ಟೂರ್‌ನವರಿಗೆ ಅದನ್ನೇ ಕೇಳಿ.

ಬ್ರೋಶರ್‌ನಲ್ಲಿ "ಫ್ಯೋರ್ಡ್ ಫೆರ್ರಿ" ಎಂದಷ್ಟೇ ಇದ್ದರೆ ಹುಷಾರು. ಅದು ರಸ್ತೆಯ ಭಾಗವಾಗಿ ಬಸ್ಸನ್ನು ಆಚೆ ದಡಕ್ಕೆ ದಾಟಿಸುವ ಮಾಮೂಲಿ ದೋಣಿ ಇರಬಹುದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ.

ತಿರುವುಗಳಲ್ಲಿ ವಾಂತಿ ಬರುತ್ತದೆ. ಏನು ಮಾಡಲಿ?

ಮುಂದಿನ ಸಾಲು ಕೇಳಿ, ಎದುರಿನ ರಸ್ತೆ ನೋಡಿ, ಮೊಬೈಲ್ ಮುಟ್ಟಬೇಡಿ. ಬೆಳಗಿನ ತಿಂಡಿ ಹಗುರವಾಗಿರಲಿ. ಮಾತ್ರೆಯನ್ನು ವೈದ್ಯರನ್ನು ಕೇಳಿ ಊರಿನಿಂದಲೇ ಒಯ್ಯಿರಿ. ಹೆಚ್ಚಿನ ಗುಂಪುಗಳಲ್ಲಿ ಸೀಟು ದಿನಾ ಬದಲಾಗುತ್ತದೆ, ಇದನ್ನು ಮೊದಲ ದಿನವೇ ಟೂರ್ ಮ್ಯಾನೇಜರ್‌ಗೆ ಹೇಳಿಬಿಡಿ. ಗೈರಾಂಗರ್‌ನಿಂದ ಡಾಲ್ಸ್‌ನಿಬ್ಬಾ ಬೆಟ್ಟಕ್ಕೆ ಹೋಗುವ ದಿನ ಸಮುದ್ರ ಮಟ್ಟದಿಂದ 1476 ಮೀಟರ್‌ಗೆ ಏರುತ್ತೀರಿ, ಆ ದಿನ ಮುಂಜಾಗ್ರತೆ ಜಾಸ್ತಿ ಇರಲಿ.

ಸೀಟ್ ಬೆಲ್ಟ್ ಹಾಕುವುದು ಕಾನೂನು. ಹಾಕದಿದ್ದರೆ ದಂಡ ಬೀಳುವುದು ನಿಮಗೇ.

ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾ?

ಹಸಿದಿರಬೇಕಾಗಿಲ್ಲ. ಆದರೆ ತಯಾರಿ ಬೇಕು.

ಬೆಳಗಿನ ಹೋಟೆಲ್ ತಿಂಡಿ ಈ ಟೂರ್‌ಗಳ ದೊಡ್ಡ ಆಧಾರ. ಹಲವು ಥರದ ಬ್ರೆಡ್, ಗರಿಗರಿ ಕ್ನೆಕ್ಕೆಬ್ರೋ, ಚೀಸ್, ಮೊಸರು, ಹಣ್ಣು, ಜಾಮ್, ಸೌತೆಕಾಯಿ, ಟೊಮ್ಯಾಟೊ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ಕಂದು ಬಣ್ಣದ ಬ್ರುನೋಸ್ಟ್ ಚೀಸ್ ತಪ್ಪದೆ ರುಚಿ ನೋಡಿ. ಹಾಲೊಡೆದ ನೀರನ್ನು ಕುದಿಸಿ ಕುದಿಸಿ ಮಾಡುವುದರಿಂದ ಅದಕ್ಕೆ ನಮ್ಮ ಧಾರವಾಡ ಪೇಡೆಯನ್ನು ನೆನಪಿಸುವ ಸಿಹಿ ಇದೆ.

ಮಧ್ಯಾಹ್ನಕ್ಕೆ ರೆಸ್ಟೋರೆಂಟ್ ಬೇಡ. ಒಂದು ತಟ್ಟೆ ಊಟಕ್ಕೆ 200ರಿಂದ 300 ಕ್ರೋನ ಆಗುತ್ತದೆ, ಒಂದು ಕ್ರೋನ ಅಂದರೆ ಸುಮಾರು 8–9 ರೂಪಾಯಿ. ರೇಮಾ 1000, ಕಿವಿ, ಎಕ್ಸ್‌ಟ್ರಾ ಎಂಬ ಅಂಗಡಿಗಳಿಗೆ ಹೋಗಿ. ಚಪಾತಿಯಂಥ ಗೋಧಿ ಟೋರ್ಟಿಲ್ಲಾ ಎಲ್ಲ ಕಡೆ ಸಿಗುತ್ತದೆ, ಅವರ ಮನೆಗಳಲ್ಲಿ ಶುಕ್ರವಾರ ಅದರಲ್ಲಿ ಸುತ್ತಿದ ಟ್ಯಾಕೋ ತಿನ್ನುವ ರೂಢಿ ಇದೆ. ಆಲೂಗಡ್ಡೆಯಿಂದ ಮಾಡಿದ ಮೆತ್ತನೆಯ ಲೊಂಪೆ ಕೂಡ ಸಿಗುತ್ತದೆ. ಯಾವುದಕ್ಕಾದರೂ ಚಟ್ನಿಪುಡಿ, ಉಪ್ಪಿನಕಾಯಿ ಹಚ್ಚಿ ಸುತ್ತಿಕೊಂಡು, ಜೊತೆಗೆ ಸಪ್ಪೆ ಮೊಸರು ಇಟ್ಟುಕೊಂಡರೆ ಹೊಟ್ಟೆ ತುಂಬುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ.

ರಾತ್ರಿ ಊಟ ಟೂರ್‌ನಲ್ಲಿ ಸೇರಿದ್ದರೆ, ಮೊಟ್ಟೆ ತಿನ್ನುತ್ತೀರಾ ಇಲ್ಲವಾ, ಈರುಳ್ಳಿ-ಬೆಳ್ಳುಳ್ಳಿ ಆಗುತ್ತದಾ ಎಂದು ಬುಕ್ ಮಾಡುವಾಗಲೇ ಬರೆದು ಕೊಡಿ. ಅಲ್ಲಿ ಕೆಲವರು ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ "ಮೀನು ಬೇಡ" ಎಂದು ಬೇರೆಯಾಗಿ ಹೇಳಿ. "ದಿನವೂ ಭಾರತೀಯ ಊಟ" ಎಂದು ಬರೆದಿದ್ದರೆ ಫ್ಯೋರ್ಡ್ ಹಳ್ಳಿಯಲ್ಲಿ ಅದನ್ನು ಯಾರು ಮಾಡುತ್ತಾರೆ ಎಂದು ಕೇಳಿ. ಓಸ್ಲೋ, ಬರ್ಗನ್‌ನಲ್ಲಿ ನಮ್ಮ ಹೋಟೆಲ್‌ಗಳಿವೆ. ಓಸ್ಲೋದ ಗ್ರೋನ್‌ಲಾಂಡ್ ಕಡೆ ಅಕ್ಕಿ, ಬೇಳೆ, ಕರಿಬೇವು ಮಾರುವ ಅಂಗಡಿಗಳೂ ಇವೆ.

ಊರಿನಿಂದ ತಿನಿಸು ಒಯ್ಯಬಹುದಾ?

ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಕೋಡುಬಳೆ ಇಂಥವು ನಡೆಯುತ್ತವೆ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯುರೋಪಿನ ಹೊರಗಿನಿಂದ ತರುವಂತಿಲ್ಲ. ಅಂದರೆ ತುಪ್ಪ, ಪೇಡ, ಖೋವಾ ಸಿಹಿ ಬೇಡ. ಆಲೂಗಡ್ಡೆಯೂ ಬೇಡ. ಹೋಟೆಲ್ ರೂಮಿನಲ್ಲಿ ಅಡುಗೆ ಮಾಡಬೇಡಿ, ಒಗ್ಗರಣೆ ಅಂತೂ ಬೇಡವೇ ಬೇಡ. ಹೊಗೆಯ ಗಂಟೆ ಹೊಡೆದರೆ ಇಡೀ ಹೋಟೆಲ್ ಹೊರಗೆ ಓಡಬೇಕು, ಖರ್ಚು ನಿಮ್ಮ ತಲೆಗೆ ಬರುತ್ತದೆ. ಬಿಸಿನೀರಿನ ಕೆಟಲ್‌ನಿಂದ ಉಪ್ಪಿಟ್ಟಿನ ಪ್ಯಾಕೆಟ್ ಆಗುತ್ತದೆ, ಅಷ್ಟು ಸಾಕು.

ಅಡುಗೆ ಮಾಡಲೇಬೇಕು ಎನ್ನುವ ಗುಂಪುಗಳಿಗೆ ಬೇರೆ ದಾರಿ ಇದೆ. ಕ್ಯಾಂಪಿಂಗ್ ಜಾಗಗಳಲ್ಲಿ "ಹಿಟ್ಟೆ" ಎನ್ನುವ ಮರದ ಮನೆಗಳು ಬಾಡಿಗೆಗೆ ಸಿಗುತ್ತವೆ. ಒಲೆ, ಪಾತ್ರೆ ಇರುತ್ತದೆ. ಹಾಸಿಗೆಗೆ ಹೊದಿಕೆ ನಿಮ್ಮದೇ ತರಬೇಕು, ಇಲ್ಲವೇ ಬಾಡಿಗೆಗೆ ಪಡೆಯಬೇಕು. ಹೋಗುವಾಗ ಸ್ವಚ್ಛ ಮಾಡಿ ಹೋಗಬೇಕು. ಹದಿನೈದು ಇಪ್ಪತ್ತು ಜನರ ಗೆಳೆಯರ ಗುಂಪು ಸಣ್ಣ ಬಸ್ ಮಾಡಿಕೊಂಡು ಹೀಗೆ ಹೋದರೆ ಖರ್ಚು ನಿಜವಾಗಿಯೂ ಇಳಿಯುತ್ತದೆ.

ನೀರು, ಶೌಚಾಲಯ?

ನಲ್ಲಿ ನೀರು ಕುಡಿಯಿರಿ, ಬಹಳ ಚೆನ್ನಾಗಿದೆ. ಬಾಟಲಿ ನೀರು ಕೊಳ್ಳುವುದು ದುಡ್ಡು ದಂಡ. ಕೊಂಡರೂ ಖಾಲಿ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 2 ಅಥವಾ 3 ಕ್ರೋನ ವಾಪಸ್ ಸಿಗುತ್ತದೆ. ಶೌಚಾಲಯಗಳಲ್ಲಿ ಹಲವು ಕಡೆ ಕಾರ್ಡ್ ತಟ್ಟಬೇಕು. ನಿಲ್ಲಿಸಿದಾಗೆಲ್ಲ ಹೋಗಿಬನ್ನಿ.

ನಗದು ಎಷ್ಟು ಬೇಕು?

ಹೆಚ್ಚೇನೂ ಬೇಡ. ಐಸ್‌ಕ್ರೀಮಿಗೂ ಕಾರ್ಡ್ ನಡೆಯುತ್ತದೆ. ಎರಡು ಕಾರ್ಡ್ ಇರಲಿ. ಯಂತ್ರ "ರೂಪಾಯಿಯಲ್ಲಾ, ಕ್ರೋನದಲ್ಲಾ" ಎಂದು ಕೇಳಿದರೆ ಕ್ರೋನವನ್ನೇ ಒತ್ತಿ, ರೂಪಾಯಿ ಆರಿಸಿದರೆ ವಿನಿಮಯ ದರ ನಿಮಗೆ ನಷ್ಟ.

ವೀಸಾ?

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಫೆಬ್ರವರಿ–ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಟೂರ್‌ನಲ್ಲಿ ಸ್ವೀಡನ್, ಡೆನ್ಮಾರ್ಕ್ ಕೂಡ ಇದ್ದರೆ ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ವೀಸಾ ಸಿಗದಿದ್ದರೆ ಎಷ್ಟು ದುಡ್ಡು ವಾಪಸ್ ಬರುತ್ತದೆ ಎಂದು ಟೂರ್‌ನವರಿಂದ ಬರಹದಲ್ಲಿ ಪಡೆಯಿರಿ.

ಬಟ್ಟೆ?

ಪದರ ಪದರವಾಗಿ. ಬೇಸಿಗೆಯಲ್ಲಿ ಹಗಲು 10ರಿಂದ 20 ಡಿಗ್ರಿ, ಆದರೆ ಡಾಲ್ಸ್‌ನಿಬ್ಬಾ ಮೇಲೆ ಜೂನ್‌ನಲ್ಲೂ ಹಿಮ ಇರುತ್ತದೆ. ಬರ್ಗನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಆಗುಂಬೆಯಷ್ಟು ಸುರಿಯುವುದಿಲ್ಲ, ಆದರೆ ಯಾವ ತಿಂಗಳೂ ಬಿಡುವುದಿಲ್ಲ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ತಲೆಗೆ ಟೋಪಿಯಿರುವ ರೇನ್‌ಕೋಟ್ ಒಯ್ಯಿರಿ. ಸೀರೆ ಉಡುವ ಅಮ್ಮಂದಿರಿಗೂ ಶೂ ಮತ್ತು ಉಣ್ಣೆಯ ಕಾಲುಚೀಲ ಬೇಕೇ ಬೇಕು.

ಅಪ್ಪ ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಕೂತಲ್ಲೇ ಇಷ್ಟು ನೋಡಲು ಸಿಗುವ ದೇಶ ಕಡಿಮೆ. ಬರ್ಗನ್‌ನ ಹಳೆಯ ಮರದ ಕಟ್ಟಡಗಳ ಬ್ರಿಗ್ಗನ್ ಬೀದಿಯಲ್ಲಿ ಕಲ್ಲು ಹಾಸು ಏರುಪೇರಾಗಿದೆ, ಅಲ್ಲಿ ಕೈ ಹಿಡಿಯಿರಿ. ಬ್ರಿಕ್ಸ್‌ಡಾಲ್ ಹಿಮನದಿಗೆ ಬಸ್ ನಿಲ್ಲುವಲ್ಲಿಂದ ಮುಕ್ಕಾಲು ಗಂಟೆಯ ಏರು ನಡಿಗೆ, ಆದರೆ ತೆರೆದ ಪುಟ್ಟ ವಾಹನಗಳು ಹೆಚ್ಚಿನ ದೂರ ಕರೆದೊಯ್ಯುತ್ತವೆ, ಮೊದಲೇ ಬುಕ್ ಮಾಡಬೇಕು. ಓಸ್ಲೋದ ವಿಗೆಲಾಂಡ್ ಪಾರ್ಕ್‌ಗೆ ದುಡ್ಡು ಕೊಡಬೇಕಿಲ್ಲ. 200ಕ್ಕೂ ಹೆಚ್ಚು ಶಿಲ್ಪಗಳ ನಡುವೆ ಬೆಂಚುಗಳಿವೆ, ಅಲ್ಲಿ ಅವರನ್ನು ಅವಸರ ಮಾಡಬೇಡಿ.

ಪ್ರೀಕೆಸ್ಟೋಲೆನ್ ಬಂಡೆಯ ಫೋಟೋ ನೋಡಿ ಕೇಳುವವರು ಬಹಳ. ಅದು 604 ಮೀಟರ್ ಎತ್ತರದಲ್ಲಿದೆ, ಹೋಗಿಬರಲು ಎಂಟು ಕಿ.ಮೀ. ಕಲ್ಲು ದಾರಿ, ನಾಲ್ಕೈದು ಗಂಟೆ. ಸಾಮಾನ್ಯ ಬಸ್ ಟೂರ್‌ನಲ್ಲಿ ಅದು ಆಗುವುದಿಲ್ಲ.

ನಾವೇ ಸ್ವಂತವಾಗಿ ಹೋದರೆ ಇನ್ನೂ ಅಗ್ಗ ಆಗುವುದಿಲ್ವಾ?

ಇಬ್ಬರೇ ಇದ್ದು, ಬ್ಯಾಗ್ ಎಳೆದುಕೊಂಡು ರೈಲು ಹತ್ತಲು ತಯಾರಿದ್ದರೆ ಆಗಬಹುದು. ಓಸ್ಲೋದಿಂದ ಮೀರ್ಡಾಲ್‌ಗೆ ರೈಲು, ಅಲ್ಲಿಂದ ಫ್ಲೋಮ್ ರೈಲು, ಗುಡ್‌ವಾಂಗನ್‌ಗೆ ದೋಣಿ, ವೋಸ್‌ಗೆ ಬಸ್, ಬರ್ಗನ್‌ಗೆ ಮತ್ತೆ ರೈಲು. ಟಿಕೆಟ್‌ಗಳನ್ನು ಬೇಗ, ಬೇರೆ ಬೇರೆಯಾಗಿ ಕೊಂಡರೆ ಉಳಿತಾಯ. ಓಸ್ಲೋ–ಬರ್ಗನ್ ರೈಲೇ ಒಂದು ಪ್ರವಾಸ, ಫಿನ್ಸೆಯಲ್ಲಿ 1222 ಮೀಟರ್‌ಗೆ ಏರುತ್ತದೆ. ಆದರೆ ಗೈರಾಂಗರ್ ಕಡೆಗೆ ರೈಲಿಲ್ಲ. ವಯಸ್ಸಾದವರು ಜೊತೆಗಿದ್ದರೆ, ಭಾಷೆಯ ಅಳುಕಿದ್ದರೆ ಬಸ್ ಗುಂಪೇ ಮೇಲು.

ಆರೋಗ್ಯ ಕೆಟ್ಟರೆ ಅಥವಾ ಗುಂಪು ತಪ್ಪಿದರೆ?

ಆಂಬುಲೆನ್ಸ್‌ಗೆ 113, ಪೊಲೀಸ್‌ಗೆ 112, ಬೆಂಕಿಗೆ 110. ತುರ್ತು ಇಲ್ಲದ ಜ್ವರ, ಹೊಟ್ಟೆನೋವಿಗೆ 116117, ಹತ್ತಿರದ ವೈದ್ಯಕೇಂದ್ರಕ್ಕೆ ಕರೆ ಹೋಗುತ್ತದೆ. ಇಂಗ್ಲಿಷ್ ನಡೆಯುತ್ತದೆ. ದಿನನಿತ್ಯದ ಔಷಧಿ, ಚೀಟಿಯ ಸಮೇತ, ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಬಸ್ಸಿನ ಹೊಟ್ಟೆಯಲ್ಲಿರುತ್ತದೆ, ನಡುದಾರಿಯಲ್ಲಿ ತೆಗೆಸುವುದು ಕಷ್ಟ. ಪ್ರತಿ ಬೆಳಗ್ಗೆ ಬಸ್ಸಿನ ನಂಬರ್ ಪ್ಲೇಟ್ ಮತ್ತು ಆ ರಾತ್ರಿಯ ಹೋಟೆಲ್ ಹೆಸರಿನ ಫೋಟೋ ತೆಗೆದಿಟ್ಟುಕೊಳ್ಳಿ, ಮ್ಯಾನೇಜರ್ ನಂಬರ್ ಅನ್ನು ಕಾಗದದಲ್ಲೂ ಬರೆದಿಡಿ. ಫ್ಲೋಮ್‌ನಲ್ಲಿ ಒಂದೇ ಬಣ್ಣದ ಬಸ್‌ಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ಆ ಫೋಟೋ ಕೆಲಸಕ್ಕೆ ಬರುತ್ತದೆ.